ತದಡಿಯ ನೀರಿಗೆ ಹೆಸರಿಲ್ಲವೇ?

ಕನ್ನಡ ಬಡ ಭಾಷೆಯೆಂದು ಹೇಳುವವರನ್ನು ನಾನು ಬಹಳ ಮಂದಿಯನ್ನು ಕಂಡಿದ್ದೇನೆ. ವಿಜ್ಞಾನಕ್ಕೆ ಸಾಲದು ಎಂದವರುಂಟು, ಕಾಯಿದೆ ಕಾನೂನಿಗೆ ಸಾಲದು ಎಂದವರುಂಟು. ಆದರೆ ಗೋಡೆಗೆ ಬಣ್ಣ ಬಳಿಯುವುದಕ್ಕೂ ಕನ್ನಡ ಸಾಲದು ಎಂಬ ಮಾತನ್ನು ಕೇಳುವ ಭಾಗ್ಯ ನನಗೆ ಈಚೆಗಷ್ಟೇ ಬೆಂಗಳೂರಿನಲ್ಲಿ ದೊರೆಯಿತು.

ಮಗಳ ಹೊಸ ಮನೆಗೆ ಬಣ್ಣ ಹಾಕಿಸುವ ಸಂಭ್ರಮ. ಒಳಮನೆಯ ಅಲಂಕಾರಕ್ಕೆಂದು ಗೊತ್ತುಮಾಡಿದ್ದ ತರುಣ ಬಣ್ಣದ ಪಟ್ಟಿಗಳ ಕಟ್ಟೊಂದನ್ನು ಬೀಸಣಿಗೆಯಂತೆ ಬಿಡಿಸಿ ಹಿಡಿದು, ಒಂದು ಪಟ್ಟಿಯ ಮೇಲೆ ಬೆರಳಿಟ್ಟ. ನೀಲಿಯೆನ್ನೋಣವೆಂದರೆ ನೀಲಿಯಲ್ಲ, ಹಸುರೆನ್ನೋಣವೆಂದರೆ ಹಸುರಲ್ಲ; ಎರಡರ ನಡುವೆ ನಿಂತು ಎರಡಕ್ಕೂ ಮುಖ ತೋರಿಸುವ ಗಂಭೀರವಾದ ಬಣ್ಣ. ನಾನು ಉತ್ಸಾಹದಿಂದ, “ಓಹೋ, ಮೈಲುತುತ್ತದ ಬಣ್ಣ!” ಎಂದೆ. ಆತ ನಕ್ಕ. “ಅಲ್ಲ ಅಂಕಲ್, ಇದು ಟೀಲ್. ಇದಕ್ಕೆ ಕನ್ನಡದಲ್ಲಿ ಪದ ಇಲ್ಲ” ಎಂದ. ಮಗಳು ನನ್ನ ಕಡೆ ನೋಡಿದ ರೀತಿಯಲ್ಲಿ “ಅಪ್ಪಾ, ಸುಮ್ಮನಿರು” ಎಂಬ ಪ್ರಾರ್ಥನೆಯಿತ್ತು. ಸುಮ್ಮನಾದೆ. ಆದರೆ ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಬಾಯಿ ಎಷ್ಟು ದಿನ ಸುಮ್ಮನಿದ್ದೀತು? ಆ ದಿನ ಆಡದೆ ನುಂಗಿದ್ದನ್ನು ಇಂದು ವಾಚಕರ ಮುಂದೆ ಇಡುತ್ತಿದ್ದೇನೆ.

ಮೊದಲು ಎದುರಾಳಿಗೆ ನ್ಯಾಯ ಸಲ್ಲಿಸೋಣ. ಟೀಲ್ ಎಂಬುದು ಸೊಗಸಾದ ಹೆಸರು. ಅದರ ಮೇಲೆ ನನಗೆ ಎಳ್ಳಷ್ಟೂ ದ್ವೇಷವಿಲ್ಲ. ಅದು ಒಂದು ಸಣ್ಣ ಬಾತಿನ ಹೆಸರು. ಹಕ್ಕಿಯ ಹೆಸರಾಗಿ ಆ ಶಬ್ದ ಇಂಗ್ಲಿಷಿನಲ್ಲಿ ಹದಿನಾಲ್ಕನೆಯ ಶತಮಾನದಿಂದ ಇದೆ; ಬಣ್ಣದ ಹೆಸರಾಗಿ ಬರವಣಿಗೆಯಲ್ಲಿ ಕಾಣಿಸಿಕೊಂಡದ್ದು ಮಾತ್ರ 1917ರಲ್ಲಿ. ಗಂಡು ಹಕ್ಕಿಯ ಕಂದುಗೆಂಪು ತಲೆಯ ಮೇಲೆ, ಕಣ್ಣಿನಿಂದ ಹಿಂದಕ್ಕೆ, ಯಾರೋ ಅಗಲವಾದ ಕುಂಚದಿಂದ ಒಮ್ಮೆ ಎಳೆದು ಬಿಟ್ಟಂತೆ ಹಸುರುನೀಲಿಯ ಹೊಳಪಿನ ಪಟ್ಟೆಯಿದೆ. ಆ ಪಟ್ಟೆಯೇ ಬಣ್ಣಕ್ಕೆ ಹೆಸರು ಕೊಟ್ಟಿತು. ಉತ್ತರದ ಹಿಮದ ನಾಡುಗಳಲ್ಲಿ ಮರಿಮಾಡಿ ಚಳಿಗಾಲಕ್ಕೆ ನಮ್ಮ ದೇಶದ ಕೆರೆಗಳಿಗೂ ಅದು ಇಳಿಯುತ್ತದೆ. ತನ್ನ ಊರಿನ ಜೌಗಿನಲ್ಲಿ ಕಂಡ ಹಕ್ಕಿಯ ಕೆನ್ನೆಯನ್ನು ಗಮನಿಸಿ, “ಈ ಬಟ್ಟೆಯ ಬಣ್ಣ ಅದರಂತಿದೆ” ಎಂದವನು ಕಣ್ಣುಳ್ಳವನು, ತನ್ನ ನೆಲದ ಮೇಲೆ ಕಾಲೂರಿ ನಿಂತವನು. ಅವನಿಗೆ ನನ್ನ ನಮಸ್ಕಾರ.

ನನ್ನ ಜಗಳವೇನಿದ್ದರೂ ನಮ್ಮವರೊಡನೆ. ಆ ಇಂಗ್ಲಿಷಿನವನು ಮಾಡಿದ್ದನ್ನು ಮಾಡದೆ, ಅವನು ಮಾಡಿಟ್ಟದ್ದನ್ನು ಎತ್ತಿಕೊಂಡು ಬಂದು, ಬಾತನ್ನೂ ಕಾಣದೆ ನವಿಲನ್ನೂ ಮರೆತು, “ನಮ್ಮಲ್ಲಿ ಪದವಿಲ್ಲ” ಎನ್ನುವವರೊಡನೆ.

ಪದವಿಲ್ಲವೇ? ಚಿಕ್ಕಪೇಟೆಯ ಯಾವ ಸೀರೆ ಅಂಗಡಿಗಾದರೂ ಹೋಗಿ “ರಾಮಾ ಗ್ರೀನ್ ತೋರಿಸಿ” ಎನ್ನಿ. ಅಂಗಡಿಯವನು ತಡವರಿಸದೆ ಆ ಬಣ್ಣದ್ದನ್ನೇ ಹಾಸಿ ತೋರಿಸುತ್ತಾನೆ. ಶ್ರೀರಾಮನ ಮೈಬಣ್ಣವನ್ನು ಗೋಡೆಯ ಪಟಗಳಲ್ಲಿ ನೀಲಿಗೂ ಹಸುರಿಗೂ ನಡುವೆ ಬರೆಯುವುದನ್ನು ಎಲ್ಲರೂ ಬಲ್ಲರು. ಹಾಸಿಗೆ ಒಂದು ಬಣ್ಣ, ಹೊಕ್ಕಿಗೆ ಒಂದು ಬಣ್ಣ ಕೊಟ್ಟು ನೇಯ್ದು, ಮಡಿಕೆ ತಿರುಗಿದಂತೆ ನೀಲಿ ಹಸುರಾಗಿ ಹಸುರು ನೀಲಿಯಾಗುವ ರೇಷ್ಮೆಗೆ ನಮ್ಮ ಹೆಂಗಸರು ನವಿಲುಗೊರಳು ಎನ್ನುತ್ತಾರೆ. ತೊಳೆಯದೆ ಬಿಟ್ಟ ತಾಮ್ರದ ಹಂಡೆಯ ಅಂಚಿನಲ್ಲಿ ಕೂಡುವುದಕ್ಕೆ ಕಿಲುಬು ಎಂಬ ಹೆಸರಿದೆ. ಇವೆಲ್ಲ ಒಂದೇ ಬಣ್ಣವಲ್ಲ, ಒಂದೇ ಮನೆತನದ ಬಣ್ಣಗಳು. ಕಿಲುಬು ಮಂಕು, ಹಸುರಿಗೆ ಹತ್ತಿರ. ರಾಮಾ ತುಂಬಿದ ಬಣ್ಣ. ನವಿಲುಗೊರಳು ಒಂದೆಡೆ ನಿಲ್ಲದ ಬಣ್ಣ. ಇಷ್ಟು ಕವಲುಗಳುಳ್ಳ ಮನೆತನಕ್ಕೆ ಕನ್ನಡದಲ್ಲಿ ಹೆಸರಿಲ್ಲವೆಂದು ಹೇಳಲು ಎಂಟೆದೆ ಬೇಕು.

ಇವುಗಳಲ್ಲಿ ನಡುಮನೆಯ ಯಜಮಾನನೆಂದರೆ ಮೈಲುತುತ್ತ. ಮೈಲು ಎಂದರೆ ನವಿಲು. ತುತ್ಥವೆಂದರೆ ಸಂಸ್ಕೃತದಲ್ಲಿ ಈ ತಾಮ್ರದ ಲವಣದ ಹೆಸರು. ಬಾತಿನ ಕೆನ್ನೆಯಲ್ಲಿಯೂ ನವಿಲಿನ ಕೊರಳಿನಲ್ಲಿಯೂ ನಿಜವಾಗಿ ನೀಲಿಯ ಪುಡಿಯಾಗಲಿ ಹಸುರಿನ ಪುಡಿಯಾಗಲಿ ಇಲ್ಲ. ಗರಿಯೊಳಗಿನ ಅತಿಸಣ್ಣ ಪದರಗಳಲ್ಲಿ ಬೆಳಕು ಆಡುವ ಆಟವದು ಎಂದು ವಿಜ್ಞಾನಿಗಳು ತೋರಿಸಿದ್ದಾರೆ. ಅಂದಮೇಲೆ ಅವರ ಬಾತಿಗೂ ನಮ್ಮ ನವಿಲಿಗೂ ಇರುವ ಅಂತರವೆಷ್ಟು? ಒಂದೇ ಆಟವನ್ನು ಅವರು ಒಂದು ಹಕ್ಕಿಯಲ್ಲಿ ಕಂಡರು, ನಾವು ಇನ್ನೊಂದರಲ್ಲಿ ಕಂಡೆವು. ಅವರು ಹೆಸರಿಟ್ಟದ್ದು ನಿನ್ನೆ ಮೊನ್ನೆ. ನಾವಿಟ್ಟು ಎಷ್ಟೋ ಕಾಲವಾಯಿತು.

ಈ ಹೆಸರು ನನಗೆ ನಿಘಂಟಿನಿಂದ ಬಂದದ್ದಲ್ಲ. ನಮ್ಮದು ಘಟ್ಟದ ಮೇಲೆ, ಸಿದ್ದಾಪುರದ ಕಡೆಯ ತೋಟದ ಮನೆ. ಮಳೆ ಹಿಡಿಯಿತೆಂದರೆ ಅಡಕೆಗೆ ಕೊಳೆರೋಗದ ಭಯ. ಹಿಂದೆ ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಮರೆಮಾಡುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಸಿಸಿ ಬೋರ್ಡೋ ದ್ರಾವಣದ ದಾರಿ ತೋರಿಸಿದರು. ಆ ದ್ರಾವಣದ ಕಥೆಯೂ ಬಣ್ಣದ ಕಥೆಯೇ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆಯಂಚಿನ ಬಳ್ಳಿಗಳಿಗೆ ಮೈಲುತುತ್ತ ಸುಣ್ಣ ಕಲಸಿ ಎರಚುತ್ತಿದ್ದರಂತೆ. ಬಣ್ಣ ಕಂಡು ಕಳ್ಳ ಹೆದರಿದನು. ಜೊತೆಗೆ ರೋಗವೂ ಹೆದರಿತು. ಇದನ್ನು ಗಮನಿಸಿದ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1885ರಲ್ಲಿ ಅದನ್ನು ಲೋಕಕ್ಕೆ ಸಾರಿದನು.

ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಅಪ್ಪಯ್ಯ ಪೀಪಾಯಿಯ ಪಕ್ಕದಲ್ಲಿ ಕುಳಿತು ಕೋಲಿನಿಂದ ತಿರುಗಿಸುತ್ತಿದ್ದುದು ಕಣ್ಣಿಗೆ ಕಟ್ಟಿದಂತಿದೆ. ಹದವಾಯಿತೇ ಎಂದು ನೋಡುವುದಕ್ಕೆ ಕತ್ತಿಯ ಅಲಗನ್ನು ಅದ್ದಿ ತೆಗೆಯುತ್ತಿದ್ದ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಕಡಿಮೆಯಾಗಿದೆಯೆಂದು ಅರ್ಥ. ಕೊನೆಗೌಡ ಮರದಿಂದ ಇಳಿಯುವಾಗ ಅವನ ತಲೆ, ಬೆನ್ನು, ತೋಳು ಎಲ್ಲ ನವಿಲಾಗಿರುತ್ತಿತ್ತು. ಆಯಿ ನಮ್ಮ ಅಂಗಿಗಳನ್ನು ಎಷ್ಟು ತಿಕ್ಕಿದರೂ ಆ ಕಲೆ ಹೋಗುತ್ತಿರಲಿಲ್ಲ. ಮೈಲುತುತ್ತ ವಿಷವೆಂಬುದೂ, ವರ್ಷ ವರ್ಷ ಸುರಿದ ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆಂಬುದೂ ನನಗೆ ಗೊತ್ತು. ಅದನ್ನು ಅಮೃತವೆಂದು ಹಾಡಲು ನಾನು ಬಂದಿಲ್ಲ. ಈ ಬಣ್ಣ ನಮ್ಮ ಬದುಕಿನ ಒಳಗಿದ್ದದ್ದು ಎಂದಷ್ಟೇ ಹೇಳುತ್ತಿದ್ದೇನೆ. ಪೀಪಾಯಿಗೆ ಬೀಳುತ್ತಿದ್ದ ಸುಣ್ಣವೂ ಬೇರೆಲ್ಲಿಂದಲೋ ಬಂದದ್ದಲ್ಲ. ಅಘನಾಶಿನಿ ಕಡಲು ಸೇರುವಲ್ಲಿ ಆರಿಸಿದ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣವದು, ಘಟ್ಟ ಹತ್ತಿ ನಮ್ಮ ಅಂಗಳಕ್ಕೆ ಬರುತ್ತಿತ್ತು. ತೋಟದ ಹಳ್ಳದ ನೀರು ಅದೇ ಹೊಳೆಯನ್ನು ಕೂಡಿ ಕೆಳಗಿಳಿದು ತದಡಿಗೆ ಹೋಗುತ್ತಿತ್ತು.

ಆ ತರುಣನ ಡಬ್ಬಿಯ ಒಳಗೂ ಸ್ವಲ್ಪ ಇಣುಕಿ ನೋಡೋಣ. ಇಂದು ಅಂಗಡಿಯ ಯಂತ್ರ ಬೆರೆಸಿಕೊಡುವ ಈ ಬಣ್ಣಕ್ಕೆ ಮುಖ್ಯ ಆಧಾರ ಥ್ಯಾಲೊಸಯನಿನ್ ಎಂಬ ಜಾತಿಯ ನೀಲಿ ಮತ್ತು ಹಸುರು. 1928ರಲ್ಲಿ ಸ್ಕಾಟ್ಲೆಂಡಿನ ಗ್ರೇಂಜ್‌ಮೌತಿನ ಕಾರಖಾನೆಯೊಂದರಲ್ಲಿ ಕಾಯಿಸುವ ಪಾತ್ರೆಯ ಒಳಲೇಪ ಬಿರುಕುಬಿಟ್ಟು, ಕಬ್ಬಿಣ ತಾಕಿ, ಯಾರೂ ಬಯಸದೆ ಇದ್ದ ನೀಲಿಯೊಂದು ಹುಟ್ಟಿತು. ಕಬ್ಬಿಣದ ಬದಲು ತಾಮ್ರವನ್ನಿಟ್ಟಾಗ ಬಿಸಿಲಿಗೂ ಮಳೆಗೂ ಜಗ್ಗದ ಬಣ್ಣ ದೊರೆತು, 1935ರಿಂದ ಪೇಟೆಗೆ ಬಂತು. ಅದರ ಒಂದೊಂದು ಅಣುವಿನ ನಟ್ಟನಡುವೆ ಕೂತಿರುವುದು ತಾಮ್ರ. ನಾನು “ಮೈಲುತುತ್ತದ ಬಣ್ಣ” ಎಂದಾಗ ತರುಣ ನಕ್ಕನಷ್ಟೆ. ಅವನ ಡಬ್ಬಿಯೊಳಗಿನ ತಾಮ್ರ ಅವನನ್ನು ನೋಡಿ ನಕ್ಕಿರಬೇಕು.

ಹಾಗೆಂದು ಅಲಂಕಾರದವರ ವಿದ್ಯೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬಣ್ಣದ ಉಪಯೋಗವನ್ನು ಅವರು ಬಲ್ಲರು. ರಕ್ತದ ಕೆಂಪನ್ನೇ ನೋಡಿ ನೋಡಿ ಬಿಳಿಗೋಡೆಯತ್ತ ತಿರುಗಿದ ಕಣ್ಣಿಗೆ ಹಸುರುನೀಲಿಯ ನೆರಳು ಕಾಡುತ್ತದೆ. 1914ರಲ್ಲಿ ಸಾನ್‌ಫ್ರಾನ್ಸಿಸ್ಕೋದ ಶಸ್ತ್ರವೈದ್ಯ ಹ್ಯಾರಿ ಶರ್ಮನ್, ಬಿಳಿಯ ಕಣ್ಣುಕೋರೈಕೆಗೆ ಬೇಸತ್ತು, ತನ್ನ ಶಸ್ತ್ರಕ್ರಿಯೆಯ ಕೋಣೆಯನ್ನೇ ಹಸುರು ಮಾಡಿಸಿದನು. ಇಂದು ಜಗತ್ತಿನ ಆಸ್ಪತ್ರೆಗಳಲ್ಲಿ ಶಸ್ತ್ರವೈದ್ಯರು ತೊಡುವ ನಿಲುವಂಗಿ ಹಸುರು ಅಥವಾ ಹಸುರುನೀಲಿ. ಮನುಷ್ಯರ ಮೈಬಣ್ಣ ಕಪ್ಪಿರಲಿ ಬಿಳಿಯಿರಲಿ, ಎಲ್ಲವೂ ಕಿತ್ತಳೆಯ ಕಡೆಗೇ ಸೇರುವಂಥವು. ಅದಕ್ಕೆ ಎದುರು ನಿಲ್ಲುವ ಬಣ್ಣವೇ ಇದು. ಆದ್ದರಿಂದಲೇ ಸಿನಿಮಾದವರು ಹಿನ್ನೆಲೆಗೆ ಇದನ್ನು ಬಳಿದು ನಾಯಕ ನಾಯಕಿಯರ ಮುಖವನ್ನು ಮುಂದಕ್ಕೆ ತರುತ್ತಾರೆ. 1995ರ ವಿಂಡೋಸ್ ಕಂಪ್ಯೂಟರನ್ನು ತೆರೆದವರಿಗೆಲ್ಲ ಮೊದಲು ಕಂಡ ಬಯಲು ಇದೇ ಬಣ್ಣದ್ದು. ಕಂಪ್ಯೂಟರಿನ ಲೆಕ್ಕದಲ್ಲಿ ಟೀಲ್ ಎಂದರೆ ಕೆಂಪು 0, ಹಸುರು 128, ನೀಲಿ 128. ಕೆಂಪು ಸೊನ್ನೆ, ಉಳಿದೆರಡೂ ಸಮಸಮ.

ಕುಮಟೆಯ ಹಳೆಯ ಮನೆಗಳನ್ನು ಕಟ್ಟಿದವರಿಗೂ ಈ ಎದುರುಬದುರು ಗೊತ್ತಿತ್ತು. ಕೆಳಗೆ ಕಾವಿಯ ಕೆಂಪು ನೆಲ, ನಡುವೆ ಸುಣ್ಣದ ಬಿಳಿಗೋಡೆ, ಕಿಟಕಿ ಬಾಗಿಲಿಗೆ ಹಸುರುನೀಲಿ. ಹೊರಗೆ ಜಂಬಿಟ್ಟಿಗೆಯ ಧೂಳು ಹಾರುವ ಬೇಸಗೆಯಲ್ಲಿ ಅಂಥ ಬಾಗಿಲನ್ನು ತಳ್ಳಿ ಒಳಗೆ ಕಾಲಿಟ್ಟರೆ ಕಣ್ಣಿಗೆ ಮಜ್ಜಿಗೆ ಕುಡಿದಂತಾಗುತ್ತಿತ್ತು. ಅವರು ಯಾವ ಶಾಲೆಯಲ್ಲೂ ಅಲಂಕಾರ ಕಲಿಯಲಿಲ್ಲ. ಸುತ್ತಲಿನ ಮಣ್ಣು ಕೆಂಪು, ನೀರು ಹೀಗೆ. ಎರಡನ್ನೂ ನೋಡುತ್ತ ಬೆಳೆದರು, ಮನೆಯೊಳಕ್ಕೆ ತಂದರು.

ಇಷ್ಟು ಹೇಳಿದಮೇಲೆ, “ಸರಿ, ಹೊಸ ಪದ ಮಾಡೋಣ” ಎಂದು ಇನ್ನೊಂದು ಪಕ್ಷದವರು ಎದ್ದು ನಿಲ್ಲುತ್ತಾರೆ. ನನ್ನ ಪಂಡಿತ ಮಿತ್ರರೊಬ್ಬರು ನನ್ನ ದೂರನ್ನು ಕೇಳಿ, ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ, “ಹರಿನ್ನೀಲ ಎನ್ನಬಹುದಲ್ಲ” ಎಂದು ಅಪ್ಪಣೆ ಕೊಡಿಸಿದರು. ಕೈಮುಗಿದೆ. ಸಂಧಿ ಸರಿಯಾಗಿದೆ, ಸಮಾಸ ಸರಿಯಾಗಿದೆ. ಆದರೆ ಆ ಶಬ್ದ ಏನನ್ನೂ ನೋಡಿಲ್ಲ. ಎರಡು ಬಣ್ಣಗಳನ್ನು ವ್ಯಾಕರಣದ ಹಗ್ಗದಿಂದ ಬಿಗಿದರೆ ಮೂರನೆಯ ಬಣ್ಣ ಹುಟ್ಟುವುದಿಲ್ಲ. ಟೀಲ್ ಎನ್ನುವ ತರುಣನೂ ಹರಿನ್ನೀಲ ಎನ್ನುವ ಪಂಡಿತರೂ ನನ್ನ ಲೆಕ್ಕದಲ್ಲಿ ಒಂದೇ ಪಂಗಡ. ಒಬ್ಬನು ಪಟ್ಟಿಯನ್ನು ನೋಡಿದ, ಒಬ್ಬರು ಕೋಶವನ್ನು ನೋಡಿದರು. ಕಿಟಕಿಯ ಹೊರಗೆ ಯಾರೂ ನೋಡಲಿಲ್ಲ.

ಭಾಷಾಶಾಸ್ತ್ರ ಬಲ್ಲವರು ಇಲ್ಲಿ ಒಂದು ಆಕ್ಷೇಪ ಎತ್ತಬಹುದು. ಎಷ್ಟೋ ಭಾಷೆಗಳಲ್ಲಿ ನೀಲಿ ಹಸುರುಗಳಿಗೆ ಒಂದೇ ಶಬ್ದವಿತ್ತು. ಜಪಾನಿನವರು ಇಂದಿಗೂ ರಸ್ತೆಯ ಹಸುರು ದೀಪವನ್ನು ನೀಲಿಯ ಹೆಸರಿನಿಂದಲೇ ಕರೆಯುತ್ತಾರೆ. ಆದ್ದರಿಂದ ನಡುವಣ ಬಣ್ಣಕ್ಕೆ ಹೆಸರಿಲ್ಲದಿದ್ದರೆ ಆಶ್ಚರ್ಯವೇನು ಎಂದು. ಒಪ್ಪಿದೆ. ಆದರೆ 1969ರಲ್ಲಿ ಬರ್ಲಿನ್ ಮತ್ತು ಕೇ ಎಂಬ ಅಮೆರಿಕದ ವಿದ್ವಾಂಸರು ಲೆಕ್ಕ ಹಾಕಿದಾಗ ಇಂಗ್ಲಿಷಿನಲ್ಲಿ ಸಿಕ್ಕ ಮೂಲಬಣ್ಣದ ಪದಗಳು ಹನ್ನೊಂದೇ. ಅವುಗಳಲ್ಲಿ ಟೀಲ್ ಇಲ್ಲ. ಉಳಿದುದನ್ನೆಲ್ಲ ಇಂಗ್ಲಿಷಿನವರೂ ಹಕ್ಕಿಯಿಂದ, ಹಣ್ಣಿನಿಂದ, ಹೂವಿನಿಂದ, ಕಲ್ಲಿನಿಂದ ಸಾಲ ತಂದದ್ದೇ. ಅವರು ಬಾತಿನಿಂದ ತಂದರೆ ಅದು ಪದ, ನಾವು ನವಿಲಿನಿಂದ ತಂದರೆ ಪದವಲ್ಲ ಎಂಬುದು ಯಾವ ಊರಿನ ನ್ಯಾಯ?

ಬರೀ ಶಬ್ದಕ್ಕಾಗಿ ಇಷ್ಟು ರಂಪವೇ ಎಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರ ಹುಡುಕಿಕೊಂಡೇ ನಾನು ಕಳೆದ ಮಾಘದಲ್ಲಿ ತದಡಿಗೆ ಹೋದೆ. ಗೋಕರ್ಣದಿಂದ ದಕ್ಷಿಣಕ್ಕೆ, ಹೊಳೆಯ ಬಡಗಣ ದಂಡೆಯ ಮೇಲಿನ ಮೀನುಗಾರರ ಊರು ಅದು. ಎದುರು ದಂಡೆಯಲ್ಲಿ ಅಘನಾಶಿನಿ ಎಂಬ ಹಳ್ಳಿ. ಶಿರಸಿಯ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ದೊಡ್ಡ ಅಣೆಕಟ್ಟೊಂದಕ್ಕೂ ಸಿಕ್ಕದೆ ಬಂದ ಹೊಳೆ ಇಲ್ಲಿ ಕಡಲಿಗೆ ಸೇರುತ್ತದೆ. ತಾರಿಯಲ್ಲಿ ದಾಟುವಾಗ ದೋಣಿಯವನು ನನ್ನ ಗುರುತು ಹಿಡಿದ. ಕುಮಟೆಯಲ್ಲಿ ನನ್ನ ಕೈಕೆಳಗೆ ಏಳನೆಯ ಇಯತ್ತೆ ಓದಿದವನಂತೆ. “ಈ ನೀರಿನ ಬಣ್ಣಕ್ಕೆ ನೀವು ಏನಂತೀರಪ್ಪ?” ಎಂದು ಕೇಳಿದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿ, “ಯಾವ ಹೊತ್ತಿನ ನೀರು, ಮಾಸ್ತರ್ರೇ? ಭರ್ತಿಗೆ ಒಂದು ಬಣ್ಣ, ಇಳಿತಕ್ಕೆ ಒಂದು ಬಣ್ಣ. ಆಷಾಢದಲ್ಲಿ ಬೇರೆ, ಈಗ ಬೇರೆ” ಎಂದ.

ಆ ಪ್ರಶ್ನೆಯ ಮುಂದೆ ನಾನೇ ಏಳನೆಯ ಇಯತ್ತೆಯ ಹುಡುಗನಾದೆ. ಮಳೆಗಾಲದಲ್ಲಿ ಘಟ್ಟದ ಕೆಮ್ಮಣ್ಣು ತೊಳೆದು ಬಂದ ಹೊಳೆ ಕಾವಿ. ಮಳೆ ನಿಂತು ಮಣ್ಣು ತಳಕ್ಕೆ ಕೂತಮೇಲೆ ಕಡಲು ದಿನಕ್ಕೆ ಎರಡು ಸಲ ಒಳಗೆ ಬರುತ್ತದೆ, ಎರಡು ಸಲ ಹೊರಗೆ ಹೋಗುತ್ತದೆ. ನೀರು ಸ್ವಭಾವತಃ ಬೆಳಕಿನ ಕೆಂಪನ್ನು ನುಂಗುವಂಥದು. ಕಂಪ್ಯೂಟರಿನವರು ಕೆಂಪಿಗೆ ಸೊನ್ನೆ ಕೊಟ್ಟರಲ್ಲ, ಅದನ್ನು ನೀರು ಎಂದಿನಿಂದಲೂ ಮಾಡುತ್ತಿದೆ. ಹೊಳೆ ಹೊತ್ತು ತಂದ ಎಲೆಗಳ ರಸವೂ ಕಣ್ಣಿಗೆ ಕಾಣದ ಪಾಚಿಯೂ ನೀಲಿಯಲ್ಲಿ ಒಂದಷ್ಟನ್ನು ನುಂಗುತ್ತವೆ. ಉಳಿಯುವುದು ನಡುವಣ ಬಣ್ಣ. ಕಡಲಿನ ಪಾಲು ಹೆಚ್ಚಾದರೆ ನೀಲಿಯತ್ತ, ಹೊಳೆಯ ಪಾಲು ಹೆಚ್ಚಾದರೆ ಹಸುರಿನತ್ತ ತೂಗುತ್ತದೆ. ಅಂದರೆ ತದಡಿಯ ಈ ಬಣ್ಣ ಸಿಹಿನೀರೂ ಉಪ್ಪುನೀರೂ ಕೂಡಿ ಬಾಳುತ್ತಿವೆಯೆಂಬುದಕ್ಕೆ ಕಣ್ಣಿಗೆ ಕಾಣುವ ಗುರುತು. ಆ ಕೂಡುಬಾಳಿನ ಮೇಲೆಯೇ ಅಲ್ಲಿನ ಅನ್ನ ನಿಂತಿದೆ. ಉಪ್ಪು ಸಹಿಸುವ ಭತ್ತಕ್ಕೆ ಕಗ್ಗ ಎನ್ನುತ್ತಾರೆ, ಅದು ಬೆಳೆಯುವ ನೆಲಕ್ಕೆ ಗಜನಿ ಎನ್ನುತ್ತಾರೆ, ದಂಡೆಯ ಮರಕ್ಕೆ ಕಾಂಡ್ಲಾ ಎನ್ನುತ್ತಾರೆ. ಇಳಿತದಲ್ಲಿ ಹೆಂಗಸರು ಕೆಸರಿನಲ್ಲಿ ಕೂತು ಬಳಚು ಆರಿಸುತ್ತಾರೆ. ಸಾಣಿಕಟ್ಟೆಯಲ್ಲಿ ಉಪ್ಪು ಮಾಡುತ್ತಾರೆ. ಒಂದು ಗೇಣು ನೆಲಕ್ಕೂ ಹೆಸರಿದೆ, ಕೆಲಸವಿದೆ.

ಆದರೆ ದೂರದ ಕಚೇರಿಗಳಲ್ಲಿ ಕೂತು ಬರೆಯುವ ಯೋಜನೆಯ ನಕ್ಷೆಗಳನ್ನು ನೋಡಿದ್ದೀರಾ? ನೀರಿಗೆಲ್ಲ ಒಂದೇ ನೀಲಿ. ಕಟ್ಟಡವಿಲ್ಲದ ನೆಲಕ್ಕೆಲ್ಲ “ಖಾಲಿ” ಎಂಬ ಒಂದೇ ಮಾತು. 2006ರ ಸುಮಾರಿಗೆ ತದಡಿಯಲ್ಲಿ 4000 ಮೆಗಾವಾಟಿನ ಕಲ್ಲಿದ್ದಲ ವಿದ್ಯುತ್ ಸ್ಥಾವರ ಹೂಡುವ ಪ್ರಸ್ತಾವ ಬಂತು. ಜನ ಎದುರು ನಿಂತರು, ಅದು ಬರಲಿಲ್ಲ. ಆಮೇಲೆ ದೊಡ್ಡ ಬಂದರಿನ ಮಾತು ಬಂತು. ಹೊಳೆಯ ನೀರನ್ನು ಘಟ್ಟದ ಆಚೆಗೆ, ವೇದಾವತಿಯ ಕಡೆಗೆ ತಿರುಗಿಸುವ ಮಾತೂ ಎದ್ದಿದೆ. ಈ ನಡುವೆ 2024ರಲ್ಲಿ ಸುಮಾರು 4800 ಹೆಕ್ಟೇರಿನ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಸಂತೋಷ. ಆದರೆ ಪಟ್ಟಿಗೆ ಸೇರಿದ್ದರಿಂದಲೇ ಉಳಿಯಿತೆಂದು ನಂಬುವಷ್ಟು ಎಳೆಯ ವಯಸ್ಸು ನನ್ನದಲ್ಲ.

ಬೆಳಕು ಬೇಡ, ಬಂದರು ಬೇಡ, ಬಯಲುಸೀಮೆಯ ಬಾಯಾರಿಕೆ ಸುಳ್ಳು ಎಂದು ನಾನು ವಾದಿಸುತ್ತಿಲ್ಲ. ಅವುಗಳ ಲಾಭನಷ್ಟ ತೂಗುವವರು ತೂಗಲಿ. ತಕ್ಕಡಿಯ ಒಂದು ತಟ್ಟೆಯಲ್ಲಿ ಮೆಗಾವಾಟು, ಟನ್ನು, ಟಿ.ಎಂ.ಸಿ. ಎಂಬ ಹೆಸರುಳ್ಳ ವಸ್ತುಗಳಿದ್ದು, ಇನ್ನೊಂದರಲ್ಲಿ ಹೆಸರಿಲ್ಲದ ನೀಲಿ ಮಾತ್ರ ಇದ್ದರೆ ಯಾವ ಕಡೆ ವಾಲುತ್ತದೆಂದು ಹೇಳಬೇಕೇ? ಹೆಸರು ಕಳೆದುಕೊಂಡ ವಸ್ತುವಿನ ಪರವಾಗಿ ಯಾರೂ ಸಾಕ್ಷಿ ಹೇಳಲಾರರು. ಆ ತರುಣನ ಪಟ್ಟಿಯೂ ಆ ನಕ್ಷೆಯೂ ನನಗೆ ಒಂದೇ ರೋಗದ ಎರಡು ಲಕ್ಷಣಗಳಾಗಿ ಕಂಡದ್ದು ಇದರಿಂದಲೇ. ಗೋಡೆಯ ಮೇಲೆ ಈ ಬಣ್ಣವನ್ನು ಡಬ್ಬಿಗೆ ಸಾವಿರಾರು ರೂಪಾಯಿ ತೆತ್ತು ಬಳಿಸಿಕೊಳ್ಳುವ ನಾವು, ಅದು ಬೆಳಿಗ್ಗೆ ಸಂಜೆ ಪುಕ್ಕಟೆಯಾಗಿ ಹರಿಯುವ ಕಡೆಗೆ ತಿರುಗಿ ನೋಡುವುದಿಲ್ಲ.

ಮಗಳ ಮನೆಯ ಗೋಡೆಗೆ ಆ ಬಣ್ಣವೇ ಬಂದಿದೆ, ಚೆನ್ನಾಗಿಯೇ ಇದೆ. ತರುಣನ ಕಣ್ಣು ಒಳ್ಳೆಯದು, ಅದಕ್ಕೆ ನನ್ನ ತಕರಾರಿಲ್ಲ. ಮೊಮ್ಮಗಳು ಅದಕ್ಕೆ ಟೀಲ್ ಎನ್ನುತ್ತಾಳೆ. ಎನ್ನಲಿ; ಆ ಪುಟ್ಟ ಬಾತನ್ನೂ ಒಂದು ಚಳಿಗಾಲದಲ್ಲಿ ಯಾವುದಾದರೂ ಕೆರೆಯ ದಂಡೆಯಲ್ಲಿ ಅವಳಿಗೆ ತೋರಿಸುತ್ತೇನೆ. ಬರುವ ರಜೆಯಲ್ಲಿ ಮಳೆಗೆ ಮುಂಚೆ ತೋಟಕ್ಕೆ ಕರೆದೊಯ್ದು ಪೀಪಾಯಿಯನ್ನು ತೋರಿಸುತ್ತೇನೆ. ಆಮೇಲೆ ತದಡಿಯ ತಾರಿಯಲ್ಲಿ ಕೂರಿಸುತ್ತೇನೆ. ಅವಳು ದೊಡ್ಡವಳಾದಮೇಲೆ ಯಾವನಾದರೂ ನಕ್ಷೆ ಬಿಡಿಸಿ ಹಿಡಿದು ನೀಲಿಯ ಮೇಲೆ ಬೆರಳಿಟ್ಟರೆ, ಆ ದೋಣಿಯವನು ನನ್ನನ್ನು ಕೇಳಿದ್ದನ್ನೇ ಅವಳೂ ಕೇಳುವಂತಾಗಬೇಕು: ಯಾವ ಹೊತ್ತಿನ ನೀರು, ಸ್ವಾಮೀ?